ಪಂಪಿಗೂ ಒಂದು ಹಬ್ಬ

ನೀರು ತುಂಬುವ ಹಬ್ಬಕ್ಕೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಮಳವಳ್ಳಿಯ ನಮ್ಮ ಮನೆಯಲ್ಲಿ ಬಿಸಿನೀರು ನಿಂತುಹೋಯಿತು. ಬಿಸಿಲೇನೋ ಚೆನ್ನಾಗಿತ್ತು. ಹೆಂಚಿನ ಮೇಲಿನ ಸೋಲಾರ್ ಫಲಕದ ಪೈಪು ಮುಟ್ಟಿದರೆ ಕೈ ಸುಡುತ್ತಿತ್ತು, ನಲ್ಲಿಯಲ್ಲಿ ಮಾತ್ರ ತಣ್ಣೀರು. ನೀರು ಸುತ್ತಿಸುವ ಪಂಪು ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ.

‘ಹಂಡೆ ಇದ್ದಾಗ ಹಿಂಗೆ ಆಗ್ತಿರ್ಲಿಲ್ಲ ಕಣಪ್ಪ’ ಅಂದಳು ಅವ್ವ.

ನಿಜ. ಹಂಡೆ ಒಲೆಗೆ ತೆಂಗಿನ ಮಟ್ಟೆ, ಚಿಪ್ಪು, ಒಣಗಿದ ಸೋಗೆ ಏನಾದರೂ ಆಗುತ್ತಿತ್ತು. ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯೇ ಕೊಪ್ಪರಿಗೆಯ ಕೆಳಗೆ ಉರಿದು ಅದೇ ಕಬ್ಬಿನ ಹಾಲನ್ನು ಬೆಲ್ಲ ಮಾಡುತ್ತದಲ್ಲ, ಹಾಗೆ ನಮ್ಮ ಸೀಮೆಯಲ್ಲಿ ಬೆಳೆ ಬಿಟ್ಟುಹೋದದ್ದೇ ಉರುವಲು. ಹಂಡೆಗೆ ಪಂಪೂ ಬೇಡ. ತಳದಲ್ಲಿ ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣನೆಯದು ಅದರ ಜಾಗಕ್ಕೆ ಇಳಿಯುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 998 ಗ್ರಾಂ ತೂಗುತ್ತದೆ, 60 ಡಿಗ್ರಿಯದು 983. ಆ 15 ಗ್ರಾಂ ವ್ಯತ್ಯಾಸವೇ ನೀರನ್ನು ಸುತ್ತಿಸುತ್ತದೆ.

ಮಂಡ್ಯ, ಮದ್ದೂರಿನ ತಾರಸಿಗಳ ಮೇಲೆ ಕಾಣುವ ಸೋಲಾರ್ ಹೀಟರ್‌ಗಳು ಬಹುಪಾಲು ಇದೇ ಹಂಡೆಯ ನಿಯಮದವು. ಫಲಕ ಕೆಳಗೆ, ಟ್ಯಾಂಕು ಮೇಲೆ. ಕಾದ ನೀರು ತಾನೇ ಹತ್ತಿಹೋಗುತ್ತದೆ. ನಮ್ಮದು ಹಳೆಯ ಹೆಂಚಿನ ಮನೆ. 200 ಲೀಟರ್ ಟ್ಯಾಂಕಿನಲ್ಲಿ ನೀರಿನ ಭಾರವೇ ಎರಡು ಕ್ವಿಂಟಾಲ್. ತೊಲೆ, ರೀಪು ಅದನ್ನು ಹೊರಲಾರವು. ಹಾಗಾಗಿ ಟ್ಯಾಂಕು ಕೆಳಗೆ, ಫಲಕ ಮೇಲೆ. ಮೇಲೆ ಕಾದ ನೀರು ತಾನಾಗಿ ಕೆಳಗಿಳಿಯುವುದಿಲ್ಲ. ಅದನ್ನು ಇಳಿಸಿ ತರುವುದಕ್ಕೇ ಆ ಪಂಪು.

ಪ್ಲಂಬರ್ ಹುಡುಗ ಮದ್ದೂರಿನಿಂದ ಬಂದದ್ದು ಹೊತ್ತು ಮುಳುಗುವಾಗ. ಬಿಸಿಲಲ್ಲಿ ನೀರಿಳಿಸಿದರೆ ಬರಿಗೊಳವೆ ಕೆಂಡವಾಗುತ್ತದೆ ಎಂದು ಅವನೇ ಹೇಳಿದ್ದ. ಪಂಪು ಬಿಚ್ಚಿದರೆ ಒಳಗೆಲ್ಲ ಬಿಳಿಯ ಸುಣ್ಣದ ಪದರ. ನಮ್ಮ ಬೋರ್‌ವೆಲ್ ನೀರು ಗಡಸು. ಕಾದಂತೆಲ್ಲ ಸುಣ್ಣ ಬಿಟ್ಟುಕೊಡುತ್ತದೆ. ವರ್ಷಗಟ್ಟಲೆ ಕಟ್ಟಿದ್ದು ಕಡೆಗೆ ಅಕ್ಷವನ್ನೇ ಹಿಡಿದುಬಿಟ್ಟಿತ್ತು.

ಪಕ್ಕದ ಮನೆಯ ದೊಡ್ಡಪ್ಪ ಅರ್ಧ ಎಚ್‌ಪಿ ಮೋಟಾರು ಕೂರಿಸು ಅಂದರು.

‘ಅದು ಸಂಪಿಂದ ನೀರು ಏರ್ಸೋ ಮೋಟ್ರು, ದೊಡ್ಡಪ್ಪ. ಇದು ಸುತ್ಸೋ ಮೋಟ್ರು’ ಅಂದ ಹುಡುಗ.

ಎಂಥ ತಿಳಿವಳಿಕೆಯ ಮಾತು! ತುಂಬಿದ ಸುತ್ತುಗೊಳವೆಯಲ್ಲಿ ಹತ್ತುವ ನೀರಿನ ಭಾರವನ್ನು ಇಳಿಯುವ ನೀರಿನ ಭಾರವೇ ತೂಗಿಸುತ್ತದೆ. ಪಂಪಿಗೆ ಉಳಿಯುವುದು ಕೊಳವೆಯ ಉಜ್ಜುವಿಕೆಯನ್ನು ಗೆಲ್ಲುವ ಕೆಲಸವಷ್ಟೆ. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್. ಇಲ್ಲಿಗೆ ನೂರರೊಳಗಿನದು ಸಾಕು. ಜೋರು ಹೆಚ್ಚಾದರೆ ಟ್ಯಾಂಕಿನ ಮೇಲ್ಪದರದ ಬಿಸಿನೀರು ತಳದ ತಣ್ಣೀರಿನೊಂದಿಗೆ ಕಲಸಿಹೋಗಿ ಎಲ್ಲವೂ ಉಗುರುಬೆಚ್ಚಗಾಗುತ್ತದೆ.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ನೆನಪಾಯಿತು. 1902ರಲ್ಲೇ ಅಲ್ಲಿ ಕಾವೇರಿ ಬಿದ್ದು ಚಕ್ರ ತಿರುಗಿಸಿ, ಆ ವಿದ್ಯುತ್ತು ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿ ಸೇರಿತ್ತು. ಅಲ್ಲಿ ನೀರು ವಿದ್ಯುತ್ತನ್ನು ಹುಟ್ಟಿಸುತ್ತದೆ, ನಮ್ಮ ಮನೆಯಲ್ಲಿ ವಿದ್ಯುತ್ತು ನೀರನ್ನು ನಡೆಸುತ್ತದೆ. ಎರಡು ಕಡೆಯೂ ಗಾಲಿ ಸಲೀಸಾಗಿ ತಿರುಗಬೇಕು.

ಹುಡುಗ ಹೊಸ ಪಂಪನ್ನು ಟ್ಯಾಂಕಿನ ತಳದಿಂದ ಫಲಕಕ್ಕೆ ಹೋಗುವ ತಣ್ಣನೆಯ ಪೈಪಿಗೆ ಕೂರಿಸಿದ. ಅಕ್ಷ ಅಡ್ಡಡ್ಡ, ಬಾಣದ ಗುರುತು ಫಲಕದ ಕಡೆಗೆ. ಅದರ ಮುಂದೆ ನೀರನ್ನು ಒಂದೇ ಕಡೆಗೆ ಬಿಡುವ ಒಂದು ಎನ್‌ಆರ್‌ವಿ. ಇದಿಲ್ಲದಿದ್ದರೆ ರಾತ್ರಿ ಹಂಡೆಯ ನಿಯಮ ತಿರುಗುಬಾಣವಾಗುತ್ತದೆ: ಮೇಲೆ ಫಲಕ ತಣ್ಣಗಾಗಿರುತ್ತದೆ, ಕೆಳಗಿನ ಟ್ಯಾಂಕಿನ ಬಿಸಿನೀರು ತಾನೇ ಹತ್ತಿಹೋಗಿ ಹಗಲಿನ ಗಳಿಕೆಯನ್ನೆಲ್ಲ ಆಕಾಶಕ್ಕೆ ಕೊಟ್ಟುಬರುತ್ತದೆ. ಪಂಪಿನ ಎರಡೂ ಪಕ್ಕ ಒಂದೊಂದು ವಾಲ್ವ್ ಹಾಕಿದ. ಹಳೆಯದಕ್ಕೆ ಅವು ಇರಲಿಲ್ಲ; ಬಿಚ್ಚಲು ಟ್ಯಾಂಕಿನ ನೀರೆಲ್ಲ ಚೆಲ್ಲಬೇಕಾಗಿತ್ತು. ‘ಮುಂದೆ ಬಿಚ್ಚೋನಿಗೆ ಸಲೀಸಾಗ್ಲಿ’ ಅಂದ. ಕೊನೆಗೆ ಫಲಕದ ತುದಿಯಿಂದ ಗಾಳಿ ಬಿಟ್ಟ. ಪೈಪಿನೊಳಗೆ ನೀರು ಸರಿದ ಸದ್ದು ಕೇಳಿಸಿತು.

ಆ ವಾಲ್ವ್‌ಗಳನ್ನು ನೋಡಿದಾಗ ಅವ್ವನ ಮಾತಿನ ನಿಜವಾದ ಅರ್ಥ ಹೊಳೆಯಿತು. ಹಂಡೆ ಕೆಡದೆ ಉಳಿದದ್ದು ಅದಕ್ಕೊಂದು ಹಬ್ಬ ಇದ್ದುದರಿಂದ. ಆಶ್ವಯುಜ ಬಹುಳ ತ್ರಯೋದಶಿ ಬಂತೆಂದರೆ ಹಂಡೆಯನ್ನು ಒಲೆಯಿಂದ ಇಳಿಸಿ, ಬೂದಿ ಬಳಿದು, ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು ಹೊಸ ನೀರು ತುಂಬುತ್ತಿದ್ದರು. ವರ್ಷಕ್ಕೊಂದು ಸಲ ತಳ ಸೋರುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ವಿಶ್ವೇಶ್ವರಯ್ಯ ನಾಲೆಯದೂ ಹಾಗೆಯೇ. ನೀರು ನಿಲ್ಲಿಸಿದ ದಿನಗಳಲ್ಲಿ ಹೂಳು ತೆಗೆದರೆ ತಾನೆ ಕೊನೆಯ ಗದ್ದೆಗೆ ನೀರು ತಲಪುವುದು. ಸೋಲಾರನ್ನು ನಾವು ಕೂರಿಸಿದೆವು, ಮರೆತೆವು. ಕಣ್ಣಿಗೆ ಬೀಳದ ಪಂಪಿಗೆ ಹಬ್ಬ ಮಾಡಲಿಲ್ಲ.

ತ್ರಯೋದಶಿಯ ಸಂಜೆ ಅವ್ವ ಹಳೆಯ ಹಂಡೆಗೆ ಹುಣಸೆಹಣ್ಣು ಹಚ್ಚಿ ಕೂತಳು. ನಾನು ನಿಂಬೆ ಉಪ್ಪನ್ನು ನೀರಿಗೆ ಹಾಕಿ, ಬಿಚ್ಚಿಟ್ಟಿದ್ದ ಹಳೆಯ ಪೈಪಿನ ತುಂಡುಗಳನ್ನು ಅದರಲ್ಲಿ ನೆನೆಸಿದೆ. ಸುಣ್ಣ ನೊರೆನೊರೆಯಾಗಿ ಬಿಟ್ಟುಕೊಂಡಿತು. ಅವ್ವ ಬಗ್ಗಿ ನೋಡಿ, ‘ಎರಡಕ್ಕೂ ಹುಳೀನೇ ಬೇಕು ಕಣಪ್ಪ’ ಅಂದಳು. ಇನ್ನು ಮೇಲೆ ಪ್ರತಿ ವರ್ಷ ಈ ದಿನ ಆ ಎರಡು ವಾಲ್ವ್ ತಿರುಗಿಸಿ, ಪಂಪು ಬಿಚ್ಚಿ ತೊಳೆಯುವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.