ಮಾವನ ಕಪ್ಪು ಬೆಲ್ಲ ಮತ್ತು ನನ್ನ ಕೀವರ್ಡ್

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ನನ್ನ ಅಮ್ಮನ ತವರು. ಸೋದರಮಾವನಿಗೆ ಅಲ್ಲಿ ಸಣ್ಣದೊಂದು ಆಲೆಮನೆ ಇದೆ. ಬೆಲ್ಲಕ್ಕೆ ಬಣ್ಣ ಬರಲಿ ಅಂತ ಹೈಡ್ರೋಸ್ ಹಾಕೋದನ್ನ ಅವರು ಬಿಟ್ಟು ಕೆಲವು ವರ್ಷ ಆಯ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ತೆಗೆಯೋಕೆ ಒಂಚೂರು ಸುಣ್ಣ, ಬೆಂಡೆ ಗಿಡದ ಲೋಳೆ, ಅಷ್ಟೇ. ಹಾಗಾಗಿ ಅಚ್ಚು ಕಂದು ಬಣ್ಣಕ್ಕೆ, ಒಮ್ಮೊಮ್ಮೆ ಕಪ್ಪಗೇ ಬರುತ್ತೆ. ಮಂಡಿಯಲ್ಲಿ "ಬಣ್ಣ ಇಲ್ವಲ್ಲ ಗೌಡ್ರೆ" ಅಂತ ಬೆಲೆ ಇಳಿಸ್ತಾರೆ.

"ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೇನೇ ಇರ್ತೀಯಲ್ಲ ಅಳಿಯ, ಒಂದು ವೆಬ್‌ಸೈಟ್ ಮಾಡ್ಬುಡು" ಅಂದ್ರು ಮಾವ.

ಮಾಡಿದೆ. "ಆರ್ಗ್ಯಾನಿಕ್ ಜಾಗರಿ", "ಬೆಸ್ಟ್ ಜಾಗರಿ", "ಪ್ಯೂರ್ ಜಾಗರಿ" ಅಂತ ಪ್ಯಾರಾಗೆ ನಾಲ್ಕು ಸಲ ತುರುಕಿದೆ. ಕೀವರ್ಡ್ಸ್ ಮೆಟಾ ಟ್ಯಾಗ್ ಒಳಗೂ ಇಪ್ಪತ್ತು ಪದ ಬರೆದೆ. ಅದನ್ನ ನಾವು ಲೆಕ್ಕಕ್ಕೇ ತಗೊಳ್ಳಲ್ಲ ಅಂತ ಗೂಗಲ್ 2009ರಲ್ಲೇ ಹೇಳಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ದೊಡ್ಡ ದೊಡ್ಡ ಅಂಗಡಿಗಳೆಲ್ಲ ಕಾದಾಡೋ ಪದಕ್ಕೆ ಒಂದು ಆಲೆಮನೆಯ ಸೈಟು ಎಲ್ಲಿ ಕಾಣುತ್ತೆ? ಇಂಗ್ಲಿಷ್ ಅಕ್ಷರದಲ್ಲಿ "ಬೆಲ್ಲ" ಅಂತ ಟೈಪ್ ಮಾಡಿದ್ರೆ ಟ್ವೈಲೈಟ್ ಸಿನಿಮಾದ ನಾಯಕಿ ಬಂದ್ಲು.

ಆಗ ನಾನು ಮಾಡಿದ ಕೆಲಸ ಹೇಳ್ಕೊಳ್ಳೋಕೆ ಈಗಲೂ ನಾಚಿಕೆ. ಬೆಲ್ಲದ ಬಗ್ಗೆ ಜನ ತುಂಬಾ ಹುಡುಕೋದು ಶುಗರ್ ಕಾಯಿಲೆ ಜೊತೆ ಸೇರಿಸಿ ಅಂತ ಗೊತ್ತಾಯ್ತು. "ಶುಗರ್ ಇರುವವರಿಗೂ ನಮ್ಮ ಬೆಲ್ಲ" ಅಂತ ಒಂದು ಪುಟ ಬರೆದೆ. ಬೆಲ್ಲದಲ್ಲೂ ಬಹುಪಾಲು ಇರೋದು ಅದೇ ಸುಕ್ರೋಸ್, ರಕ್ತದಲ್ಲಿ ಸಕ್ಕರೆ ಏರಿಸುತ್ತೆ ಅಂತ ನನಗೆ ಗೊತ್ತಿತ್ತು. ಆದ್ರೂ ಬರೆದೆ. ಸೈಟಿಗೆ ಜನ ಬರೋಕೆ ಶುರುವಾಯ್ತು, ಆರ್ಡರೂ ಬಂತು.

ಒಂದು ರಾತ್ರಿ ಮಾವನ ಫೋನ್.

"ಏನಂತ ಬರ್ದಿದ್ದೀಯ ಅದ್ರಲ್ಲಿ? ಯಾವುದೋ ಹೆಣ್ಮಗಳು ಫೋನ್ ಮಾಡಿತ್ತು. ಅವರಪ್ಪಂಗೆ ಶುಗರ್ ಅಂತೆ, ದಿನಾ ಕಾಫಿಗೆ ಹಾಕ್ಕೊಡ್ತೀವಿ, ಎರಡು ಕೆಜಿ ಕಳ್ಸಿ ಅಂತು. ಬ್ಯಾಡ ಕಣವ್ವ ಅಂದೆ."

"ಜನ ಅದನ್ನೇ ಹುಡುಕ್ತಾರೆ ಮಾವ."

"ಹುಡುಕ್ಲಿ ಬುಡು. ಬೆಲ್ಲ ಮಾಡೋ ನಾನೇ ಮಾತ್ರೆ ನುಂಗ್ಕೊಂಡು ಸಪ್ಪೆ ಕಾಫಿ ಕುಡೀತಿವ್ನಿ. ಕೇಳ್ದೋರಿಗೆ ಇರೋದ್ ಹೇಳು."

ಪುಟ ಅಳಿಸಲಿಲ್ಲ. ತಲೆಬರಹವನ್ನ "ಶುಗರ್ ಇರುವವರು ಬೆಲ್ಲ ತಿನ್ನಬಹುದಾ?" ಅಂತ ತಿದ್ದಿದೆ. ಮೊದಲ ಸಾಲಲ್ಲೇ "ಸಕ್ಕರೆ ಬದಲು ಅಂತ ತಿನ್ನಬೇಡಿ, ಡಾಕ್ಟರನ್ನ ಕೇಳಿ" ಅಂತ ಹಾಕಿದೆ. ಆ ಪುಟದಿಂದ ಬರ್ತಿದ್ದ ಆರ್ಡರ್ ಹೆಚ್ಚುಕಮ್ಮಿ ನಿಂತೇ ಹೋಯ್ತು.

ಆಮೇಲೆ ಸರ್ಚ್ ಕನ್ಸೋಲ್ ತೆಗೆದು ಕೂತೆ. ಗೂಗಲ್‌ನ ಉಚಿತ ಸಾಧನ ಅದು. ಜನ ಯಾವ ಪದ ಹಾಕಿ ಹುಡುಕಿದಾಗ ನಮ್ಮ ಸೈಟು ಕಾಣಿಸಿತು, ಎಷ್ಟು ಸಲ ಒತ್ತಿದರು ಅಂತ ತೋರಿಸುತ್ತೆ. ನಾನು ತುರುಕಿದ ಪದಗಳು ಅಲ್ಲಿ ಹೆಸರಿಗೂ ಇರಲಿಲ್ಲ. ಇದ್ದದ್ದು "ಬೆಲ್ಲ ಕಪ್ಪಗಿದ್ದರೆ ಒಳ್ಳೇದಾ", "ಹೈಡ್ರೋಸ್ ಹಾಕದ ಬೆಲ್ಲ ಎಲ್ಲಿ ಸಿಗುತ್ತೆ". ಅರ್ಧಕ್ಕರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಉದ್ದುದ್ದ ಪ್ರಶ್ನೆಗಳು. ದೊಡ್ಡ ಸೈಟುಗಳಿಗೆ ಇಂಥವು ಬೇಕಿಲ್ಲ.

ಮಾವನಿಗೆ ಒಂದೊಂದೇ ಓದಿ ಹೇಳಿದೆ. ಅವರು ಹೇಳಿದ್ದನ್ನ ರೆಕಾರ್ಡ್ ಮಾಡಿ, ಪ್ರಶ್ನೆಗೊಂದು ಪುಟ ಬರೆದೆ. ಕಪ್ಪು ಅಂದಾಕ್ಷಣ ಒಳ್ಳೇ ಬೆಲ್ಲ ಅಲ್ಲ, ಪಾಕ ತಳ ಹಿಡಿದ್ರೂ ಕಪ್ಪಾಗುತ್ತೆ ಅನ್ನೋದನ್ನೂ ಸೇರಿಸಿದೆ. ಮೂರ್ನಾಲ್ಕು ತಿಂಗಳಲ್ಲಿ ಆ ಪ್ರಶ್ನೆಗಳಿಗೆ ನಾವು ಮೊದಲ ಪುಟಕ್ಕೆ ಬಂದೆವು. "ಜಾಗರಿ" ಅನ್ನೋ ಪದಕ್ಕೆ ಇವತ್ತಿಗೂ ಎಲ್ಲೂ ಇಲ್ಲ. ವಾರಕ್ಕೆ ಏಳೆಂಟು ಪಾರ್ಸೆಲ್ ಹೋಗುತ್ತೆ, ಉಳಿದ ಬೆಲ್ಲ ಈಗಲೂ ಮಂಡಿಗೇ.

"ಈ ವಾರ ಏನ್ ಕೇಳವ್ರೆ?" ಅಂತ ಮಾವ ಪ್ರತಿ ಭಾನುವಾರ ಫೋನ್ ಮಾಡ್ತಾರೆ. ಮೊನ್ನೆ ಹೊಸದೊಂದು ಬಂದಿತ್ತು: "ಮಳೆಗಾಲದಲ್ಲಿ ಬೆಲ್ಲ ನೀರು ಬಿಟ್ಕೊಂಡಿದೆ, ಏನ್ ಮಾಡೋದು?"

ಮಾವ ಒಂದು ಕ್ಷಣ ಸುಮ್ಮನಿದ್ರು. "ನಮ್ಮದೂ ಬುಟ್ಕತ್ತದೆ ಕಣ್ಲಾ. ಅದ್ನೂ ಬರಿ."