ರಟ್ಟು, ದಾರ, ಮೂರು ಗಂಟು

ಶೂಟಿಂಗ್ ಫೋಟೋಗಳಲ್ಲಿ ನಿರ್ದೇಶಕರ ಕೊರಳಲ್ಲಿ ಗಿಡ್ಡ ಕಪ್ಪು ಕೊಳವೆಯೊಂದು ನೇತಾಡೋದನ್ನ ನೀವು ನೋಡಿರ್ತೀರಿ. ಅದೇ ಡೈರೆಕ್ಟರ್ಸ್ ವ್ಯೂಫೈಂಡರ್. ಅದರಲ್ಲಿ ಏನೂ ರೆಕಾರ್ಡ್ ಆಗೋದಿಲ್ಲ. ಇಂಥ ಲೆನ್ಸ್ ಹಾಕಿದ ಕ್ಯಾಮೆರಾ ಇಲ್ಲಿ ನಿಂತರೆ ಎಷ್ಟು ಕಾಣುತ್ತೆ ಅನ್ನೋದನ್ನ ಕ್ಯಾಮೆರಾ ಬರೋಕೆ ಮುಂಚೆಯೇ ತೋರಿಸುತ್ತೆ, ಅಷ್ಟೇ. ಆ ‘ಅಷ್ಟೇ’ಗೆ ಅಮೆರಿಕದ ಆಲನ್ ಗಾರ್ಡನ್ ಕಂಪನಿಯ ಕೊಳವೆ ನೂರಾರು ಡಾಲರ್.

ನಮಗೆ ಅದು ಬೇಕಾಗಿದ್ದು ಐದನೇ ಸೆಮ್‌ನಲ್ಲಿ, ಹತ್ತು ನಿಮಿಷದ ಒಂದು ಕಿರುಚಿತ್ರಕ್ಕೆ. ಚಿತ್ರ ನಮ್ಮ ಹಾಸ್ಟೆಲ್ ಮೆಸ್ಸಿನ ಭಟ್ರ ಬಗ್ಗೆ. ಆ ಸೆಮ್ ಮುಗಿದ ಮೇಲೆ ಅವರು ಕೆಲಸ ಬಿಟ್ಟು ಊರಿಗೆ ಹೊರಡೋರಿದ್ರು. ಒಪ್ಪಿಸೋಕೆ ಎರಡು ವಾರ ಬೇಕಾಯ್ತು. ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ಮಧ್ಯಾಹ್ನದ ಪಾತ್ರೆ ಎತ್ತಿದ ಮೇಲೆ, ಸಂಜೆ ತಿಂಡಿಗೆ ಒಲೆ ಹಚ್ಚೋ ಮುಂಚೆ, ಒಂದೇ ದಿನ, ಎರಡೇ ಗಂಟೆ. ಅವರು ದಿನಾ ಚಾಪೆ ಹಾಸಿ ಮಲಗೋ ಹೊತ್ತು ಅದು. ನಮ್ಮ ಹತ್ರ ಕ್ಯಾಮೆರಾ ಬಾಡಿಗೆಗೆ ಇದ್ದ ದುಡ್ಡೂ ಒಂದು ದಿನಕ್ಕೇ ಸರಿಯಾಗಿತ್ತು. ಶಾಟ್ ಹನ್ನೊಂದು. ಪ್ರತಿ ಶಾಟಿಗೂ ‘ಇನ್ನೂ ಸ್ವಲ್ಪ ಹಿಂದೆ ಹೋಗೋಣ್ವಾ, ಲೆನ್ಸ್ ಬದಲಾಯಿಸೋಣ್ವಾ’ ಅಂತ ಹತ್ತು ನಿಮಿಷ ಚರ್ಚೆ ಮಾಡಿದ್ರೆ ಭಟ್ರ ನಿದ್ದೆಯೂ ಹೋಯ್ತು, ಸಿನಿಮಾನೂ ಹೋಯ್ತು.

ಕೊಳವೆ ಬಗ್ಗೆ ಮೊದಲು ಹೇಳ್ತೀನಿ. ಹಳೇದು, ಅಗ್ಗದ್ದು ಹುಡುಕಿದ್ರೆ ಸಿಗುತ್ತೆ. ಆದರೆ ಅದರ ಮೇಲೆ ಕೆತ್ತಿರೋ 25, 35, 50 ಅನ್ನೋ ಅಂಕಿಗಳು ಯಾವ ಅಳತೆಯ ಫಿಲ್ಮಿಗೆ ಅಂತ ನೋಡ್ಬೇಕು. 16 ಮಿ.ಮೀ. ಫಿಲ್ಮಿಗೆ ಕೆತ್ತಿದ ‘25’ ನಮ್ಮ ಬಾಡಿಗೆ ಕ್ಯಾಮೆರಾದ 25 ಅಲ್ಲ. ಒಂದೇ ಲೆನ್ಸ್ ಸಣ್ಣ ಸೆನ್ಸರಿನ ಮೇಲೆ ಕಡಿಮೆ ತೋರಿಸುತ್ತೆ, ದೊಡ್ಡದರ ಮೇಲೆ ಜಾಸ್ತಿ. ಆರ್ಟೆಮಿಸ್, ಕಾಡ್ರಾಜ್ ಥರದ ಫೋನ್ ಆ್ಯಪ್‌ಗಳು ಈ ಲೆಕ್ಕವನ್ನ ತಾವೇ ಮಾಡ್ತವೆ. ಕ್ಯಾಮೆರಾ, ಲೆನ್ಸ್ ಆರಿಸಿದ್ರೆ ಸಾಕು. ದುಡ್ಡು ಕೊಡೋಕೆ ಮನಸ್ಸಿಲ್ಲದೋರಿಗೆ ಫೋನಿನ ಮಾಮೂಲಿ ಕ್ಯಾಮೆರಾನೇ ಸುಮಾರಾಗಿ ನಡೆಯುತ್ತೆ. ಎಪಿಎಸ್-ಸಿ ಸೆನ್ಸರಿನ 18, 35, 50 ಮಿ.ಮೀ. ನೋಟಗಳು ಬಹಳಷ್ಟು ಫೋನುಗಳ 1, 2, 3 ಪಟ್ಟು ಜೂಮ್‌ಗೆ ಹತ್ತಿರ ಬರ್ತವೆ.

ಯಾವುದನ್ನ ಬಳಸಿದ್ರೂ ಒಮ್ಮೆ ಗೋಡೆ ಮುಂದೆ ಪರೀಕ್ಷೆ ಮಾಡಿ. ಲೆಕ್ಕ ಹೈಸ್ಕೂಲಿನ ಸಮರೂಪ ತ್ರಿಭುಜದ್ದೇ: ಕಾಣೋ ಅಗಲಕ್ಕೂ ದೂರಕ್ಕೂ ಇರೋ ಅನುಪಾತ, ಸೆನ್ಸರಿನ ಅಗಲಕ್ಕೂ ಲೆನ್ಸಿನ ಫೋಕಲ್ ಲೆಂತ್‌ಗೂ ಇರೋ ಅನುಪಾತ ಒಂದೇ. ಸೆನ್ಸರ್ ಅಗಲ 23.5 ಮಿ.ಮೀ. ಇದ್ದರೆ, 35 ಮಿ.ಮೀ. ಲೆನ್ಸಿನಲ್ಲಿ ಗೋಡೆಯಿಂದ 3 ಮೀಟರ್ ದೂರ ನಿಂತಾಗ ಸರಿಸುಮಾರು 2 ಮೀಟರ್ ಗೋಡೆ ಕಾಣ್ಬೇಕು. ಟೇಪ್ ಹಿಡಿದು ಅಳೆದುಬಿಡಿ. ಇನ್ನೊಂದು ವಿಷಯ, ಕೆಲವು ಕ್ಯಾಮೆರಾಗಳು 4ಕೆ ರೆಕಾರ್ಡಿಂಗ್ ಮಾಡುವಾಗ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತವೆ. ಬಾಡಿಗೆ ಅಂಗಡಿಯಲ್ಲಿ ಇದನ್ನ ಕೇಳಿ ತಿಳ್ಕೊಳ್ಳದೆ ಲೆಕ್ಕಕ್ಕೆ ಕೂರಬೇಡಿ.

ಫೋನು ಸಾಕಿತ್ತು, ನಿಜ. ಆದರೆ ಫೋನ್ ಎತ್ತಿದ ಕೂಡಲೇ ಭಟ್ರು ಹೆಗಲ ಮೇಲಿನ ಟವೆಲ್ ಸರಿ ಮಾಡ್ಕೊಂಡು, ಸೌಟು ಕೆಳಗಿಟ್ಟು, ಮದುವೆ ಫೋಟೋಗೆ ನಿಂತ ಹಾಗೆ ನೆಟ್ಟಗಾಗ್ತಿದ್ರು. ‘ಈಗ ತೆಗೀತಿಲ್ಲ ಭಟ್ರೇ, ಸುಮ್ನೆ ನೋಡ್ತಿದೀವಿ’ ಅಂದ್ರೂ ಕೇಳ್ತಿರಲಿಲ್ಲ. ನಮಗೆ ಬೇಕಿದ್ದದ್ದು ಅವರು ಒಗ್ಗರಣೆ ಹಾಕುವಾಗ ಮುಖ ಸ್ವಲ್ಪ ಹಿಂದಕ್ಕೆ ಸರಿಸೋ ಆ ರೀತಿ.

ಹಾಗಾಗಿ ರಟ್ಟು. ಸೆನ್ಸರಿನ ಅಳತೆಯನ್ನ ನಾಲ್ಕು ಪಟ್ಟು ಮಾಡಿ, 16:9ಕ್ಕೆ ತಕ್ಕ ಹಾಗೆ 94 ಮಿ.ಮೀ. ಅಗಲ, 53 ಮಿ.ಮೀ. ಎತ್ತರದ ಕಿಂಡಿ ಕೊರೆದ್ವಿ. ಕಿಂಡಿ ನಾಲ್ಕು ಪಟ್ಟಾದ್ರೆ ಕಣ್ಣಿನಿಂದ ಅದರ ದೂರವೂ ಫೋಕಲ್ ಲೆಂತ್‌ನ ನಾಲ್ಕು ಪಟ್ಟು ಇರ್ಬೇಕು. ಕೆಳಗಂಚಿಗೆ ದಾರ ಕಟ್ಟಿ 7.2, 14, 20 ಸೆಂಟಿಮೀಟರಿಗೆ ಒಂದೊಂದು ಗಂಟು: 18, 35, 50. ಗಂಟನ್ನ ಕಣ್ಣಿನ ಪಕ್ಕಕ್ಕೆ ಒತ್ತಿ, ದಾರ ಬಿಗಿ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ ನೋಡೋದು. 18ರ ಗಂಟಿನಲ್ಲಿ ರಟ್ಟಿನ ಅಂಚು ಮಸುಕಾಗುತ್ತೆ, ಪರವಾಗಿಲ್ಲ. ಖರ್ಚು ಸೊನ್ನೆ, ರಟ್ಟು ಲ್ಯಾಬ್ ರೆಕಾರ್ಡಿನದ್ದು.

‘ಏನ್ರಪ್ಪಾ, ರಟ್ಟಿಗೆ ತೂತು ಮಾಡ್ಕೊಂಡು ಏನ್ ಹುಡುಕ್ತಿದೀರಾ?’ ಅಂತ ಭಟ್ರು ಒಮ್ಮೆ ನಕ್ಕರು. ಆಮೇಲೆ ನಮ್ಮನ್ನ ಮರೆತು ಈರುಳ್ಳಿ ಹೆಚ್ಚೋಕೆ ಕೂತರು.

ನಾಲ್ಕು ದಿನ ಹಾಗೆ ಅಡುಗೆಮನೆ ಸುತ್ತ ಓಡಾಡಿದ್ವಿ. ಒಲೆಯ ಶಾಟನ್ನ 18ರಲ್ಲಿ, ಹತ್ತಿರದಿಂದ ತೆಗೀಬೇಕು ಅನ್ನೋದು ಗುಂಪಿನ ಬಹುಮತವಾಗಿತ್ತು. ಸೊಂಟದಿಂದ ಮೇಲೆ ಭಟ್ರು, ಅಕ್ಕಪಕ್ಕ ಪಾತ್ರೆಗಳು, ಅಂದ್ರೆ ಸುಮಾರು 1.9 ಮೀಟರ್ ಅಗಲ. ಅದಕ್ಕೆ 18ರಲ್ಲಾದ್ರೆ ಅವರಿಂದ ಒಂದೂವರೆ ಮೀಟರ್ ಒಳಗೆ ನಿಲ್ಲಬೇಕು. ಅಲ್ಲಿಂದ ನೋಡಿದ್ರೆ ಮುಂದಿನ ಸಾಂಬಾರ್ ಕೊಳಗ ಬೆಟ್ಟದಷ್ಟು, ಹಿಂದೆ ಭಟ್ರ ಮುಖ ನಿಂಬೆಹಣ್ಣಿನಷ್ಟು. 50ರ ಗಂಟು ಹಿಡ್ಕೊಂಡು ಬಡಿಸೋ ಕೌಂಟರಿನ ಹೊರಗೆ, 4 ಮೀಟರ್ ಆಚೆ ನಿಂತರೂ ಅಗಲ ಅಷ್ಟೇ. ಆದರೆ ಕೊಳಗ ಕೊಳಗದಷ್ಟೇ, ಮನುಷ್ಯ ಮನುಷ್ಯನಷ್ಟೇ. ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನೋದು ನಾವು ನಿಲ್ಲೋ ಜಾಗದಿಂದ ಬರುತ್ತೆ. ಲೆನ್ಸ್ ಕತ್ತರಿಸಿ ಕೊಡುತ್ತೆ ಅಷ್ಟೇ. ಯೂಟ್ಯೂಬಿನಲ್ಲಿ ಇದನ್ನ ಹತ್ತು ಸಲ ಕೇಳಿದ್ದೆ, ತಲೆಗೆ ಹೋಗಿದ್ದು ಆ ಕೌಂಟರಿನ ಹತ್ರ. ಮೇಲಾಗಿ ಕುದಿಯೋ ಎಣ್ಣೆ ಪಕ್ಕ ಟ್ರೈಪಾಡ್ ಊರೋದೂ ತಪ್ಪಿತು.

ಶೂಟಿಂಗ್ ದಿನ ನೆಲದ ಮೇಲೆ ಸೀಮೆಸುಣ್ಣದ ಗುರುತು, ಪಕ್ಕದಲ್ಲಿ ಲೆನ್ಸಿನ ಅಂಕಿ. ಹನ್ನೊಂದು ಶಾಟು ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿದ್ವು. ಉಳಿದ ಇಪ್ಪತ್ತು ನಿಮಿಷ ಭಟ್ರು ಚಾಪೆ ಹಾಸ್ಕೊಂಡ್ರು.

ಈಗ ನಮ್ಮ ತಂಡದಲ್ಲಿ ಒಬ್ಬನಿಗೆ ಸಿನಿಮಾಸ್ಕೋಪ್ ಹುಚ್ಚು ಹಿಡಿದಿದೆ. ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣದ ‘ಕಾಗಜ್ ಕೇ ಫೂಲ್’ (1959) ನೋಡ್ಕೊಂಡು ಬಂದಿದಾನೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಮೂರ್ತಿಯವರು ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ, ಅಂದ್ರೆ ನಮ್ಮ ಕಡೆಯವರೇ ಅನ್ನಬಹುದು! 2.35:1 ಬೇಕಂದ್ರೆ ಹೊಸ ರಟ್ಟು ಬೇಡ, ಕಿಂಡಿಯ ಮೇಲೂ ಕೆಳಗೂ ಆರೂವರೆ ಮಿಲಿಮೀಟರ್ ಕಪ್ಪು ಟೇಪ್ ಅಂಟಿಸಿ, ಎತ್ತರ 40 ಆಗುತ್ತೆ. ರಟ್ಟು ಸಂಘದ ಬೀರುವಿನಲ್ಲಿದೆ, ಯಾರು ಬೇಕಾದ್ರೂ ಒಯ್ಯಬಹುದು. ನಿಮ್ಮ ಸೆನ್ಸರ್ ಬೇರೆ ಅಳತೆಯದಾದ್ರೆ ಹೊಸ ಕಿಂಡಿ ಕೊರ್ಕೊಳ್ಳಿ, ನಮ್ಮದನ್ನ ಅಗಲ ಮಾಡ್ಬೇಡಿ.