ಹಿಮದ ಮೇಲಿನ ಹೆಜ್ಜೆ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಹಿಮವೆಂಬುದು ಬಹುಕಾಲ ಭೂಗೋಳ ಪುಸ್ತಕದ ಮಾತಾಗಿತ್ತು. ಉದ್ಯೋಗನಿಮಿತ್ತ ದೆಹಲಿಗೆ ಬಂದ ಬಳಿಕ, ಒಂದು ಜನವರಿಯಲ್ಲಿ ಗೆಳೆಯರೊಡನೆ ಉತ್ತರಾಖಂಡದ ಸಾಂಕ್ರಿ ಗ್ರಾಮದಿಂದ ಕೇದಾರಕಂಠ ಶಿಖರದ ದಾರಿ ಹಿಡಿದೆನು. ಶಿಖರದ ಎತ್ತರ ಸುಮಾರು 3,800 ಮೀಟರು.

ಹೊಸ ಹಿಮ ಬಿದ್ದು ಕಾಲುದಾರಿ ಮುಚ್ಚಿಹೋಗಿತ್ತು. ಮುಂದೆ ನಡೆಯುವವನು ಮೊಣಕಾಲುದ್ದದ ಹಿಮವನ್ನು ತುಳಿದು ಹೆಜ್ಜೆ ಮೂಡಿಸಬೇಕು. ಹಿಂದಿನವರು ಆ ಗುರುತಿನಲ್ಲಿಯೇ ಕಾಲಿಡಬೇಕು. ಮುಂದಿನವನಿಗೇ ದಣಿವು ಹೆಚ್ಚು. ಆದುದರಿಂದ ಸರದಿಯಂತೆ ಸ್ಥಾನ ಬದಲಿಸಿಕೊಂಡೆವು. ನನ್ನ ಸರದಿಯಲ್ಲಿ ನೂರು ಹೆಜ್ಜೆಗೇ ಏದುಸಿರು ಬಂದಿತು.

ಶಿಖರವನ್ನು ಕಂಡು, ಮರುದಿನ ಬೆಳಗ್ಗೆ ಅದೇ ದಾರಿಯಲ್ಲಿ ಇಳಿಯತೊಡಗಿದೆವು. ಬಿಸಿಲಿಗೆ ಕರಗಿದ್ದ ನಮ್ಮ ಹೆಜ್ಜೆಗಳು ಇರುಳಿನ ಚಳಿಗೆ ಗಾಜಿನಂತೆ ಹೆಪ್ಪುಗಟ್ಟಿದ್ದವು. ಎಡಕ್ಕೆ ಆಳವಾದ ಕಣಿವೆ. ಜಾರಿದರೆ ಹಿಡಿಯಲು ಹುಲ್ಲುಕಡ್ಡಿಯೂ ಇರಲಿಲ್ಲ. ಮಾರ್ಗದರ್ಶಿಯಾದ ಹಳ್ಳಿಯ ತರುಣನು ಪಕ್ಕದ ಹಿಮವನ್ನು ಬೂಟಿನಿಂದ ಒದೆದು ಹೊಸ ಹೆಜ್ಜೆ ಮೂಡಿಸುತ್ತ, “ಮಾಸ್ಟರ್‌ಜೀ, ನಿನ್ನೆಯ ಹೆಜ್ಜೆಯನ್ನು ನಂಬಬೇಡಿರಿ, ಮೊದಲು ಕೋಲಿನಿಂದ ತಟ್ಟಿ ನೋಡಿರಿ” ಎಂದು ಹಿಂದಿಯಲ್ಲಿ ಹೇಳಿದನು.

ವಿದ್ಯಾರ್ಥಿ ಮಿತ್ರರೇ, ಹಿರಿಯರ ಹೆಜ್ಜೆಯಲ್ಲಿ ನಡೆಯಿರೆಂದು ತರಗತಿಯಲ್ಲಿ ನಾನು ಹೇಳುವುದುಂಟು. ಅದನ್ನು ಈಗಲೂ ಹೇಳುತ್ತೇನೆ. ಆದರೆ ಕೈಯಲ್ಲೊಂದು ಕೋಲೂ ಇರಲಿ.